ಬೀದಿಯಲ್ಲಿ ನಿಂತರೆ ಹೊಟ್ಟೆ ತುಂಬುತ್ತದಾ?

ರಾಯಚೂರು ಜಿಲ್ಲೆಯ ಒಂದು ಹಳ್ಳಿಯಿಂದ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

“ಅಕ್ಟೋಬರ್ 17ರ ಬಡತನ ನಿರ್ಮೂಲನೆ ದಿನದ ಫೋಟೊಗಳನ್ನು ಎರಡು ಪುಟ ತುಂಬ ಹಾಕಿದ್ದೀರಿ. ಯಾವ್ಯಾವ ದೇಶದಲ್ಲಿ ಎಷ್ಟೆಷ್ಟು ಜನ ಬೀದಿಗೆ ಬಂದರು ಅಂತ ಬರೆದಿದ್ದೀರಿ. ನಮ್ಮ ಶಾಲೆಗೂ ಅವತ್ತು ಒಂದು ಸಂಸ್ಥೆಯವರು ಬಂದಿದ್ದರು. ಮಕ್ಕಳ ಕೈಗೆ ಫಲಕ ಕೊಟ್ಟು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ ಫೋಟೊ ಹೊಡೆದುಕೊಂಡು ಹೋದರು. ಆ ಸಾಲಿನಲ್ಲಿದ್ದ ಮೂರು ಮಕ್ಕಳು ದೀಪಾವಳಿ ಆದ ಮೇಲೆ ಅಪ್ಪ ಅಮ್ಮನ ಜೊತೆ ಗುಳೆ ಹೋದರು. ಬೀದಿಯಲ್ಲಿ ನಿಂತರೆ ಯಾರ ಹೊಟ್ಟೆ ತುಂಬುತ್ತದೆ? ಪ್ಯಾರಿಸ್‌ನಲ್ಲಿ ನಿಂತರೆ ನಮ್ಮೂರಿಗೆ ಏನು ಬಂತು? ಮುಂದಿನ ವರ್ಷವೂ ಅವರು ಬರುತ್ತಾರೆ. ಮಕ್ಕಳನ್ನು ನಿಲ್ಲಿಸಲಾ, ಬೇಡವಾ? ಅದೊಂದು ಹೇಳಿ ಸಾಕು.”

ಗುರುಗಳೇ, ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆವು. ಆ ಮೂರು ಮಕ್ಕಳ ವಿಷಯ ಬಂದಾಗ ಯಾರೂ ಮಾತಾಡಲಿಲ್ಲ.

ಮೊದಲು ನಮ್ಮ ತಪ್ಪು. ಎಲ್ಲಿ ಎಷ್ಟು ಜನ ಸೇರಿದರು ಅಂತ ಹಾಕಿದೆವು. ಅವರು ಏನು ಕೇಳಿದರು, ಯಾರನ್ನು ಕೇಳಿದರು, ಆಮೇಲೆ ಏನಾಯಿತು? ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಬಿಟ್ಟರೆ ಉಳಿಯುವುದು ಜಾತ್ರೆಯ ಫೋಟೊ ಅಷ್ಟೇ. ನಿಮಗೆ ಸಿಟ್ಟು ಬಂದದ್ದು ಸರಿಯಾಗಿಯೇ ಇದೆ. ಅವತ್ತು ಬರೆಯಬೇಕಿದ್ದನ್ನು ಇವತ್ತು ಬರೆಯುತ್ತೇನೆ. ಉದ್ದವಾಗುತ್ತದೆ, ಸ್ವಲ್ಪ ಬಿಡುವು ಮಾಡಿಕೊಂಡು ಓದಿ.

ಪ್ಯಾರಿಸ್‌ನಿಂದಲೇ ಶುರು ಮಾಡೋಣ, ನೀವೇ ಕೇಳಿದ್ದೀರಲ್ಲ. ಆ ದಿನದ ಹಿಂದೆ ಜೋಸೆಫ್ ರೆಸಿನ್ಸ್ಕಿ ಅನ್ನುವ ಒಬ್ಬ ಪಾದ್ರಿ ಇದ್ದಾರೆ. 1917ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವರು. ಕಡುಬಡತನದ ಮನೆ. ಚಿಕ್ಕ ಹುಡುಗನಾಗಿದ್ದಾಗಲೇ ಬೆಳಗಿನ ಪೂಜೆಗೆ ಸಹಾಯ ಮಾಡಲು ಕಾನ್ವೆಂಟಿಗೆ ಹೋಗುತ್ತಿದ್ದರು. ಅಲ್ಲಿ ತಿಂಡಿ ಸಿಗುತ್ತಿತ್ತು, ಅಮ್ಮನಿಗೆ ಕೊಡಲು ನಾಲ್ಕು ಕಾಸೂ ಸಿಗುತ್ತಿತ್ತು. 1956ರಲ್ಲಿ ಅವರನ್ನು ಪ್ಯಾರಿಸ್ ಪಕ್ಕದ ನ್ವಾಜಿ-ಲ-ಗ್ರಾನ್ ಅನ್ನುವ ಕಡೆ ಕಳಿಸಿದರು. ಅಲ್ಲಿ ಮನೆಯಿಲ್ಲದ 250ಕ್ಕೂ ಹೆಚ್ಚು ಸಂಸಾರಗಳು ಸಣ್ಣ ಗೂಡುಗಳಲ್ಲಿದ್ದವು. ನೆಲವೆಲ್ಲ ಕೆಸರು. ಅಷ್ಟು ಜನಕ್ಕೆ ಬೆರಳೆಣಿಕೆಯ ನಲ್ಲಿ.

ಅಲ್ಲಿ ಅವರು ಮಾಡಿದ ಒಂದು ಕೆಲಸ ಕೇಳಿದರೆ ಮೊದಲು ನಿಮಗೂ ಸಿಟ್ಟು ಬರಬಹುದು. ದಾನಿಗಳು ತಂದು ಹಂಚುತ್ತಿದ್ದ ಗಂಜಿಯನ್ನು ನಿಲ್ಲಿಸಿದರು! ಅದರ ಬದಲು ಲೈಬ್ರರಿ ತೆರೆದರು, ಮಕ್ಕಳಿಗೆ ಶಿಶುವಿಹಾರ, ಬಟ್ಟೆ ಒಗೆಯುವುದಕ್ಕೆ ಒಂದು ಜಾಗ, ಹೆಂಗಸರಿಗೆ ತಲೆ ಬಾಚಿ ಅಲಂಕಾರ ಮಾಡಿಕೊಳ್ಳುವುದಕ್ಕೂ ಒಂದು ಕೋಣೆ. ಇವರಿಗೆ ಅನ್ನ ಬಟ್ಟೆಗಿಂತ ಹೆಚ್ಚಾಗಿ ಬೇಕಿರುವುದು ಮರ್ಯಾದೆ, ಇನ್ನೊಬ್ಬರ ದಯೆಗೆ ಕಾಯದೆ ಬದುಕುವುದು ಅಂತ ಅವರು ಹೇಳುತ್ತಿದ್ದರು. ಕಡುಬಡತನದಲ್ಲೇ ಬೆಳೆದ ಮನುಷ್ಯ ಹೇಳಿದ ಮಾತಿದು. ಹಸಿವು ಗೊತ್ತಿಲ್ಲದವರು ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ.

ಆ ಸಂಸಾರಗಳ ಜೊತೆ ಸೇರಿ 1957ರಲ್ಲಿ ಅವರು ಕಟ್ಟಿದ ಸಂಘಟನೆಯೇ ಎಟಿಡಿ ಫೋರ್ತ್ ವರ್ಲ್ಡ್. ಮೂವತ್ತು ವರ್ಷ ಆದ ಮೇಲೆ, 1987ರ ಅಕ್ಟೋಬರ್ 17ರಂದು, ಇವರ ಕರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಪ್ಯಾರಿಸ್‌ನ ಟ್ರೊಕಾಡೆರೊದಲ್ಲಿ ಸೇರಿದರು. ಐಫೆಲ್ ಗೋಪುರದ ಎದುರಿನ ಬಯಲು ಅದು. ಸುಮ್ನೆ ಆರಿಸಿದ ಜಾಗ ಅಲ್ಲ. 1948ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದ್ದು ಅದೇ ಬಯಲಿಗೆ ಅಂಟಿದ ಭವನದಲ್ಲಿ. ಜನ ಅಲ್ಲೇ ಒಂದು ಕಲ್ಲು ಹಾಸಿದರು. ಮನುಷ್ಯರನ್ನು ಕಡುಬಡತನಕ್ಕೆ ತಳ್ಳಿದ ಕಡೆಯಲ್ಲೆಲ್ಲ ಮಾನವ ಹಕ್ಕುಗಳು ಮುರಿದಿವೆ, ಆ ಹಕ್ಕುಗಳನ್ನು ಉಳಿಸಲು ಒಟ್ಟಾಗುವುದು ನಮ್ಮ ಕರ್ತವ್ಯ ಅಂತ ಆ ಕಲ್ಲಿನಲ್ಲಿ ಕೆತ್ತಿದ್ದಾರೆ.

ಮುಂದಿನ ಫೆಬ್ರವರಿಯಲ್ಲೇ ರೆಸಿನ್ಸ್ಕಿ ತೀರಿಕೊಂಡರು. 1992ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಆ ತಾರೀಖನ್ನೇ ಬಡತನ ನಿರ್ಮೂಲನೆ ದಿನ ಅಂತ ಸಾರಿತು. ಆ ಕಲ್ಲಿನ ಹತ್ತಿರ ನಡೆಯುವ ಸಭೆಯಲ್ಲಿ ಬಡತನವನ್ನು ಸ್ವತಃ ಉಂಡವರು ಎದ್ದು ತಮ್ಮ ಬದುಕು ಹೇಳುತ್ತಾರೆ. ಬೇರೆಯವರು ಕೇಳಿಸಿಕೊಳ್ಳುತ್ತಾರೆ. ನಿಮ್ಮ ಶಾಲೆಯಲ್ಲಿ ಆ ದಿನ ತಪ್ಪಿದ್ದು ಇದೇ. ಮಕ್ಕಳು ಫಲಕ ಹಿಡಿದರು, ಅವರನ್ನು ಯಾರೂ ಮಾತಾಡಿಸಲಿಲ್ಲ.

ನಮ್ಮ ‘ಬೇಡಿಕೆ’ ಅನ್ನುವ ಪದದ ಒಳಗೇ ‘ಬೇಡು’ ಕೂತಿದೆ, ಅಲ್ವಾ? ಈ ಪತ್ರ ಬರೆಯುವಾಗ ಅದು ನನ್ನನ್ನು ಬಹಳ ಕಾಡಿತು. ಬೇಡುವವನು ಕೊಟ್ಟಷ್ಟು ತೆಗೆದುಕೊಂಡು ಕೈ ಮುಗಿಯುತ್ತಾನೆ. ಕೇಳುವವನು ಲೆಕ್ಕ ಕೇಳುತ್ತಾನೆ, ಯಾಕೆ ಅಂತ ಕೇಳುತ್ತಾನೆ. ಜನ ಬೀದಿಗೆ ಬಂದಾಗ ಇವೆರಡರಲ್ಲಿ ಯಾವುದು ನಡೆಯುತ್ತಿದೆ ಅಂತ ನಾನು ಮೊದಲು ನೋಡುತ್ತೇನೆ.

ಕೇಳಿದವರ ಒಂದು ಕಥೆ ಹೇಳುತ್ತೇನೆ. ಸಾಲದ ಕಥೆಯಾದ್ದರಿಂದ ನಿಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ.

1970ರ ದಶಕದಲ್ಲಿ ಶ್ರೀಮಂತ ದೇಶಗಳ ಬ್ಯಾಂಕುಗಳಲ್ಲಿ ಕಚ್ಚಾ ಎಣ್ಣೆ ಮಾರುವ ದೇಶಗಳು ಇಟ್ಟ ದುಡ್ಡು ತುಂಬಿ ತುಳುಕುತ್ತಿತ್ತು. ಕರೆದು ಕರೆದು ಬಡ ದೇಶಗಳಿಗೆ ಸಾಲ ಕೊಟ್ಟರು. ಎಷ್ಟೋ ಕಡೆ ಆ ದುಡ್ಡು ಸರ್ವಾಧಿಕಾರಿಗಳ ಜೇಬು ಸೇರಿತು. ಆ ದಶಕದ ಕೊನೆಗೆ ಬಡ್ಡಿ ದರ ಒಮ್ಮೆಲೇ ಏರಿತು. ಅದೇ ಹೊತ್ತಿಗೆ ಆ ದೇಶಗಳು ಮಾರುತ್ತಿದ್ದ ತಾಮ್ರ, ಕಾಫಿಯ ಬೆಲೆ ಬಿತ್ತು. ಮುಂದಿನದನ್ನು ನಾನು ಹೇಳಬೇಕಿಲ್ಲ, ಕಟ್ಟಿದಷ್ಟೂ ಬಾಕಿ ಬೆಳೆಯಿತು. ಸಾಲ ಕಟ್ಟಲು ಆಸ್ಪತ್ರೆಗೆ, ಶಾಲೆಗೆ ಹಾಕುವ ದುಡ್ಡು ಕಡಿತವಾಯಿತು. ಮಗುವನ್ನು ಶಾಲೆಗೆ ಸೇರಿಸಬೇಕೆಂದರೆ ಫೀಸು ಕಟ್ಟಬೇಕಾಯಿತು. ಸಾಲ ತೀರಿಸಲು ನಮ್ಮ ಮಕ್ಕಳನ್ನು ಉಪವಾಸ ಕೆಡವಬೇಕಾ ಅಂತ ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಕೇಳಿದ್ದರು. ಬಹಳ ಕಾಲ ಅದಕ್ಕೆ ಉತ್ತರ ಬರಲಿಲ್ಲ.

1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇಬ್ಬರು ನಿವೃತ್ತರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮಾರ್ಟಿನ್ ಡೆಂಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದವರು, ಬಿಲ್ ಪೀಟರ್ಸ್ ರಾಜತಾಂತ್ರಿಕ ಅಧಿಕಾರಿಯಾಗಿದ್ದವರು. 50 ವರ್ಷಕ್ಕೊಮ್ಮೆ ಜೀತದವರನ್ನು ಬಿಟ್ಟು, ಹೋದ ಜಮೀನು ವಾಪಸು ಕೊಟ್ಟು ಎಲ್ಲರಿಗೂ ಹೊಸ ಬದುಕು ಶುರು ಮಾಡಿಕೊಡಬೇಕು ಅಂತ ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿ ಒಂದು ಕಟ್ಟಳೆ ಇದೆ. ಅದಕ್ಕೆ ಜುಬಿಲಿ ಅನ್ನುತ್ತಾರೆ. ಆ ಹೆಸರಿನಲ್ಲೇ ‘ಜುಬಿಲಿ 2000’ ಹುಟ್ಟಿತು. ಕೇಳಿದ್ದು ಒಂದೇ ಮಾತು: ತೀರಿಸಲಾಗದ ಸಾಲವನ್ನು 2000ನೇ ಇಸವಿಯೊಳಗೆ ಮನ್ನಾ ಮಾಡಿ. ಬಡತನ ಹೋಗಲಿ ಅಂತ ಗಾಳಿಯಲ್ಲಿ ಹೇಳಿದ ಹಾಗಲ್ಲ ಇದು. ಇಂಥ ಸಾಲ, ಇಂಥವರಿಂದ, ಇಂಥ ತಾರೀಖಿನೊಳಗೆ.

1998ರ ಮೇ ತಿಂಗಳಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ8, ಅಂದರೆ ಎಂಟು ಪ್ರಬಲ ದೇಶಗಳ ಕೂಟದ, ನಾಯಕರ ಸಭೆ. ಸಾಲ ಕೊಟ್ಟ ದೊಡ್ಡ ದೇಶಗಳೆಲ್ಲ ಅಲ್ಲಿದ್ದವು. ಮೇ 16ರಂದು ಸುಮಾರು 70 ಸಾವಿರ ಜನ ಕೈ ಕೈ ಹಿಡಿದು ಊರಿನ ನಡುಭಾಗವನ್ನು ಸುತ್ತುವರಿದು ನಿಂತರು. ಅಜ್ಜಿಯರು, ಚರ್ಚಿನ ಹಾಡುಗಾರರು, ವಿದ್ಯಾರ್ಥಿಗಳು. ಒಂದು ಕಲ್ಲೂ ಬೀಳಲಿಲ್ಲ. ಆಮೇಲೆ ಒಟ್ಟು 2 ಕೋಟಿ 40 ಲಕ್ಷ ಸಹಿ ಕೂಡಿತು. ಮುಂದಿನ ವರ್ಷ ಜರ್ಮನಿಯ ಕಲೋನ್‌ನಲ್ಲಿ ಮತ್ತೆ ಜನರ ಸರಪಳಿ. ಅಲ್ಲಿ ಜಿ8 ನಾಯಕರು 10 ಸಾವಿರ ಕೋಟಿ ಡಾಲರ್ ಸಾಲ ಬಿಡುವುದಾಗಿ ಮಾತು ಕೊಟ್ಟರು. ಕೊಟ್ಟ ಮಾತು ನಿಧಾನವಾಗಿ, ಹತ್ತಾರು ಷರತ್ತುಗಳ ಜೊತೆ ಬಂತು. ಬಂತು ಅನ್ನುವುದಂತೂ ನಿಜ. ಸಾಲದ ಹೊರೆ ಇಳಿಯುತ್ತಿದ್ದಾಗಲೇ, 2001ರಲ್ಲಿ, ಟಾಂಜಾನಿಯಾ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿತು. ಮಕ್ಕಳು ಲಕ್ಷಗಟ್ಟಲೆ ಬಂದರು. ಬೆಂಚು ಸಾಲದೆ ನೆಲದ ಮೇಲೆ ಕೂತರು. 2006ರಲ್ಲಿ ಜಾಂಬಿಯಾ ತನ್ನ ಹಳ್ಳಿಯ ಆಸ್ಪತ್ರೆಗಳಲ್ಲಿ ಫೀಸು ನಿಲ್ಲಿಸಿತು.

ಎಲ್ಲ ಚೆನ್ನಾಗಿ ಮುಗಿಯಿತು ಅಂತ ನಾನು ಹೇಳಲಾರೆ. ಅದೇ ಜಾಂಬಿಯಾ ಹೊಸ ಸಾಲಗಳಲ್ಲಿ ಸಿಕ್ಕಿ 2020ರಲ್ಲಿ ಕಂತು ಕಟ್ಟಲಾಗದೆ ಕೈಚೆಲ್ಲಿತು. ಆದರೂ ಫೀಸು ಹೋದ ಮೇಲೆ ಟಾಂಜಾನಿಯಾದಲ್ಲಿ ಶಾಲೆಗೆ ಸೇರಿದ ಮಗು ಅಕ್ಷರ ಕಲಿತಾಗಿತ್ತು. ಅದನ್ನು ಯಾವ ಬ್ಯಾಂಕೂ ವಾಪಸು ಕೇಳಲು ಆಗುವುದಿಲ್ಲ.

2005ರ ಜುಲೈ 2ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇನ್ನೂ ದೊಡ್ಡ ಜನಸಾಗರ ಸೇರಿತ್ತು, 2 ಲಕ್ಷಕ್ಕೂ ಜಾಸ್ತಿ. ಎಲ್ಲರೂ ಬಿಳಿ ಬಟ್ಟೆ, ಕೈಗೆ ಬಿಳಿ ಪಟ್ಟಿ. ಅದೇ ದಿನ ಲಂಡನ್ನಿನಲ್ಲಿ, ಇನ್ನೂ ಹಲವು ಊರುಗಳಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮಗಳು. ಐದು ತಿಂಗಳ ಮುಂಚೆ ಮಂಡೇಲಾ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಂತು, ಬಡತನ ತಾನಾಗಿ ಬಂದದ್ದಲ್ಲ, ಗುಲಾಮಗಿರಿಯ ಹಾಗೆ ಮನುಷ್ಯರೇ ಮಾಡಿದ್ದು, ಮನುಷ್ಯರೇ ತೆಗೆಯಬಹುದು ಅಂದಿದ್ದರು. ಆ ವರ್ಷ 18 ದೇಶಗಳ ಸಾಲ ಮನ್ನಾಕ್ಕೆ ಒಪ್ಪಿಗೆಯಾಯಿತು. 2010ರೊಳಗೆ ವರ್ಷಕ್ಕೆ 5 ಸಾವಿರ ಕೋಟಿ ಡಾಲರ್ ನೆರವು ಹೆಚ್ಚಿಸುತ್ತೇವೆ ಅಂತ ಜಿ8 ನಾಯಕರು ಕೊಟ್ಟ ಮಾತು ಮಾತ್ರ ಪೂರ್ತಿ ನಡೆಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಅಕ್ಟೋಬರ್ ಬಂದರೆ ‘ಎದ್ದು ನಿಲ್ಲಿ’ ಅನ್ನುವ ಅಭಿಯಾನ ನಡೆಯಿತು. 2009ರಲ್ಲಿ 17 ಕೋಟಿಗೂ ಹೆಚ್ಚು ಜನ ಎದ್ದು ನಿಂತರಂತೆ, ಗಿನ್ನೆಸ್ ದಾಖಲೆಯಾಯಿತು. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ. ತಲೆ ಎಣಿಸುವುದೇ ಮುಖ್ಯವಾದಾಗ ಪ್ರಶ್ನೆ ಕಳೆದುಹೋಗುತ್ತದೆ. ನಿಮ್ಮ ಶಾಲೆಯ ಅಂಗಳದಲ್ಲಿ ನಡೆದದ್ದೂ ಅದೇ.

ಈಗ ‘ನಮ್ಮೂರಿಗೆ ಏನು ಬಂತು’ ಅನ್ನುವ ಮಾತಿಗೆ ಬರುತ್ತೇನೆ. ನಿಮ್ಮ ಶಾಲೆಯಲ್ಲಿ ಮಧ್ಯಾಹ್ನ ಬೆಲ್ ಹೊಡೆದ ಮೇಲೆ ಮಕ್ಕಳು ತಟ್ಟೆ ಹಿಡಿದು ಕೂರುತ್ತಾರಲ್ಲ, ಆ ಬಿಸಿಯೂಟದ ಹಿಂದೆ ಬೀದಿ ಇದೆ ಗುರುಗಳೇ.

ಮುಂಚೆ ಹೇಗಿತ್ತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. 1995ರಲ್ಲಿ ಕೇಂದ್ರದ ಯೋಜನೆ ಬಂತು. ಹೆಸರು ಊಟದ ಯೋಜನೆ, ಬಹಳಷ್ಟು ರಾಜ್ಯಗಳಲ್ಲಿ ಕೊಡುತ್ತಿದ್ದದ್ದು ತಿಂಗಳಿಗೆ 3 ಕೆಜಿ ಧಾನ್ಯ. 2001ರ ಹೊತ್ತಿಗೆ ರಾಜಸ್ಥಾನದಲ್ಲಿ ಬರದ ಮೇಲೆ ಬರ. ಹಳ್ಳಿಗಳಲ್ಲಿ ಜನ ಹಸಿದಿದ್ದರು. ಆಗ ಸರ್ಕಾರದ ಗೋದಾಮುಗಳಲ್ಲಿ ಸುಮಾರು 5 ಕೋಟಿ ಟನ್ ಧಾನ್ಯ ಇತ್ತು. ಜಾಗ ಸಾಲದೆ ಹೊರಗೆ ಇಟ್ಟ ಮೂಟೆಗಳು ಕೊಳೆಯುತ್ತಿದ್ದವು. ನಾಗರಿಕ ಹಕ್ಕುಗಳಿಗಾಗಿ ದುಡಿಯುವ ಪಿಯುಸಿಎಲ್ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಕೇಳಿದ್ದು ನೇರವಾಗಿತ್ತು: ಬದುಕುವ ಹಕ್ಕಿನಲ್ಲಿ ಅನ್ನದ ಹಕ್ಕು ಸೇರಿಲ್ಲವೇ? 2001ರ ನವೆಂಬರ್ 28ರಂದು ಕೋರ್ಟು ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು, ವರ್ಷಕ್ಕೆ ಕನಿಷ್ಠ 200 ದಿನ.

ಆದೇಶ ಕಾಗದದಲ್ಲಿತ್ತು. ಬಹಳ ರಾಜ್ಯಗಳು ಸುಮ್ಮನಿದ್ದವು. ಆಗ ಆಹಾರ ಹಕ್ಕು ಆಂದೋಲನದವರು 2002ರ ಏಪ್ರಿಲ್ 9ರಂದು ಹಲವು ರಾಜ್ಯಗಳಲ್ಲಿ ಒಂದೇ ದಿನ ಬೀದಿಗೆ ಬಂದರು. ಕೆಲವು ಕಡೆ ಮಕ್ಕಳು ಖಾಲಿ ತಟ್ಟೆ ಹಿಡಿದು ರಸ್ತೆ ಬದಿಯಲ್ಲಿ ಸಾಲಾಗಿ ನಿಂತರು. ಇನ್ನು ಕೆಲವು ಕಡೆ ಊರವರೇ ಬೀದಿಯಲ್ಲಿ ಅಡುಗೆ ಮಾಡಿ ಮಕ್ಕಳಿಗೆ ಬಡಿಸಿದರು. ನಾವು ಮಾಡಬಹುದಾದರೆ ಸರ್ಕಾರಕ್ಕೆ ಯಾಕೆ ಆಗುವುದಿಲ್ಲ ಅಂತ ತೋರಿಸುವುದಕ್ಕೆ. ಕೋರ್ಟು ಕೊಟ್ಟ ಆರು ತಿಂಗಳ ಗಡುವು ಮುಗಿದ ಕೂಡಲೇ, 2002ರ ಜೂನ್‌ನಲ್ಲಿ, ಕರ್ನಾಟಕದ ಉತ್ತರ ಭಾಗದ 7 ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಯಿತು. ಅವುಗಳಲ್ಲಿ ನಿಮ್ಮ ರಾಯಚೂರೂ ಇತ್ತು. ಆ ಏಪ್ರಿಲ್‌ನಲ್ಲಿ ರಸ್ತೆ ಬದಿ ನಿಂತವರೂ ಬಿಸಿಲಲ್ಲಿ ನಿಂತ ಮಕ್ಕಳೇ. ಅವರ ಕೈಯಲ್ಲಿದ್ದ ಖಾಲಿ ತಟ್ಟೆ ಏನು ಕೇಳುತ್ತಿದೆ ಅಂತ ಅವರಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು.

ಇನ್ನೊಂದು ವಿಷಯ ಬೇಗ ಹೇಳಿಬಿಡುತ್ತೇನೆ. 1996ರಲ್ಲಿ ರಾಜಸ್ಥಾನದ ಬ್ಯಾವರ್ ಪಟ್ಟಣದಲ್ಲಿ ಹಳ್ಳಿಯ ಕೂಲಿಕಾರರು 40 ದಿನ ಧರಣಿ ಕೂತರು. ಕೆಲಸ ಮಾಡಿದ್ದಕ್ಕೆ ಪೂರ್ತಿ ಕೂಲಿ ಬರುತ್ತಿರಲಿಲ್ಲ, ಹಾಜರಿ ಪಟ್ಟಿ ತೋರಿಸಿ ಅಂದರೆ ತೋರಿಸುತ್ತಿರಲಿಲ್ಲ. ನಮ್ಮ ದುಡ್ಡು, ನಮ್ಮ ಲೆಕ್ಕ ಅಂತ ಕೂತರು. ತರಕಾರಿ ಮಾರುವವರು ಅವರ ಅಡುಗೆಗೆ ತರಕಾರಿ ಕೊಟ್ಟರು. ಅಲ್ಲಿಂದ ಬೆಳೆದ ಹೋರಾಟದಿಂದ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಅದೇ ವರ್ಷ ಉದ್ಯೋಗ ಖಾತ್ರಿ ಕಾಯ್ದೆಯೂ ಬಂತು. 2006ರ ಫೆಬ್ರವರಿ 2ರಂದು ಖಾತ್ರಿ ಕೆಲಸ ದೇಶದ 200 ಜಿಲ್ಲೆಗಳಲ್ಲಿ ಶುರುವಾದಾಗ ಆ ಪಟ್ಟಿಯಲ್ಲೂ ರಾಯಚೂರು ಇತ್ತು.

ಹಾಗಿದ್ದರೆ ಆ ಮೂರು ಮಕ್ಕಳು ಯಾಕೆ ಗುಳೆ ಹೋದರು? ನೀವು ಇದನ್ನು ಕೇಳಿಯೇ ಕೇಳುತ್ತೀರಿ. ಕಾಯ್ದೆ ಇದ್ದ ಮಾತ್ರಕ್ಕೆ ಅರ್ಜಿ ಹಾಕಿದ ದಿನ ಕೆಲಸ ಸಿಗುವುದಿಲ್ಲ. ಕೆಲಸ ಸಿಕ್ಕರೂ ಕೂಲಿ ತಡವಾದರೆ ಸಂತೆ ಕಾಯುವುದಿಲ್ಲ. ಬೆಂಗಳೂರಿನ ಮೇಸ್ತ್ರಿ ಮುಂಗಡ ಕೈಗಿಡುತ್ತಾನೆ, ಜನ ಬಸ್ ಹತ್ತುತ್ತಾರೆ. ಇದಕ್ಕೆ ಪ್ಯಾರಿಸ್‌ನಲ್ಲಿ ಉತ್ತರ ಇಲ್ಲ. ನಿಮ್ಮ ಗ್ರಾಮಸಭೆಯಲ್ಲಿ ಆ ಮಕ್ಕಳ ತಾಯಂದಿರು ಎದ್ದು ‘ನಾನು ಕೆಲಸ ಕೇಳಿದ್ದು ಯಾವತ್ತು, ಕೊಟ್ಟಿದ್ದು ಯಾವತ್ತು’ ಅಂತ ತಾರೀಖು ಸಮೇತ ಕೇಳಿದರೆ, ಉಳಿದವರು ಅವರ ಬೆನ್ನಿಗೆ ನಿಂತರೆ, ಅದೂ ಟ್ರೊಕಾಡೆರೊದಷ್ಟೇ ದೊಡ್ಡದು ಅಂತ ನಾನು ಮನಸಾರೆ ನಂಬುತ್ತೇನೆ.

ನೀವು ಕೇಳಿದ ಒಂದು ಪ್ರಶ್ನೆಗೆ ಉತ್ತರ: ಬೇಡ. ಫೋಟೊಗಾಗಿ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಬೇಡಿ. ಆ ಸಂಸ್ಥೆಯವರು ಮತ್ತೆ ಬಂದರೆ ಒಳಗೆ ಕರೆದು, ನೆರಳಲ್ಲಿ ಕೂರಿಸಿ, ನಿಮ್ಮ ಬಿಸಿಯೂಟದ ಅಡುಗೆಯಮ್ಮಂದಿರ ಮಾತು ಕೇಳಲು ಹೇಳಿ. ಗೌರವಧನ ಹೆಚ್ಚಿಸಿ ಅಂತ ಅವರಂಥವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಎಷ್ಟೋ ಸಲ ಕೂತು ಬಂದಿದ್ದಾರೆ. ನಿಮ್ಮ ಶಾಲೆಯವರೂ ಹೋಗಿದ್ದರಾ, ವಿಚಾರಿಸಿ.

ಹೋಗಿದ್ದರೆ, ಅವರು ಒಪ್ಪಿದರೆ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ನೀವು ತಿದ್ದಬೇಡಿ, ನಾವೂ ತಿದ್ದುವುದಿಲ್ಲ. ಮುಂದಿನ ಅಕ್ಟೋಬರ್ ಸಂಚಿಕೆಯಲ್ಲಿ ಅದೇ ಎರಡು ಪುಟ ಅವರಿಗೆ ಇಟ್ಟಿದ್ದೇವೆ. ಸೆಪ್ಟೆಂಬರ್ 10ರೊಳಗೆ ನಮ್ಮ ಕೈ ಸೇರಲಿ.

ಗುಳೆ ಹೋದ ಮಕ್ಕಳು ವಾಪಸು ಬಂದರೆ ಒಂದು ಸಾಲು ಬರೆಯಿರಿ.

ನಿಮ್ಮ,
ಸಂಪಾದಕ