ತಟ್ಟೆ ಬೇರೆ ಇಟ್ಟರೆ ಟಿಬಿ ದೂರವಾಗುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ 26 ವರ್ಷ. ಎರಡು ತಿಂಗಳು ಕೆಮ್ಮಿದ. ಕಫ ಪರೀಕ್ಷೆ ಮಾಡಿಸಿದಾಗ ಶ್ವಾಸಕೋಶದ ಟಿಬಿ ಎಂದು ಗೊತ್ತಾಯಿತು. ಮಾತ್ರೆ ಶುರುವಾಗಿ ಐದು ವಾರ ಆಯಿತು, ಈಗ ಕೆಮ್ಮು ಇಲ್ಲ. ಅಮ್ಮ ಅವನ ತಟ್ಟೆ, ಲೋಟ, ಟವೆಲ್ ಎಲ್ಲ ಬೇರೆ ಮಾಡಿದ್ದಾರೆ. ನನ್ನ ಮೂರು ವರ್ಷದ ಮಗಳನ್ನು ಅವನ ಹತ್ತಿರ ಬಿಡುವುದಿಲ್ಲ. ಅವನು ಊಟಕ್ಕೂ ಕೋಣೆಯಿಂದ ಈಚೆ ಬರುತ್ತಿಲ್ಲ, ಮಾತ್ರೆ ಸಾಕು ಮಾಡುತ್ತೇನೆ ಅನ್ನುತ್ತಾನೆ. ನಾವು ಮಾಡುತ್ತಿರುವುದು ಸರಿಯೇ?
(ಹೆಸರು ಬೇಡ)

ಉತ್ತರ: ತಟ್ಟೆ ಲೋಟಗಳನ್ನು ಇವತ್ತೇ ಒಂದು ಮಾಡಿ. ಟಿಬಿ ಪಾತ್ರೆಯಿಂದ ಬರುವುದಿಲ್ಲ, ಟವೆಲಿನಿಂದಲೂ ಬರುವುದಿಲ್ಲ. ಕೆಮ್ಮಿದಾಗ, ಜೋರಾಗಿ ಮಾತಾಡಿದಾಗ ಹೊರಬೀಳುವ ಸಣ್ಣ ಹನಿಗಳು ಒಣಗಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಆ ಗಾಳಿಯನ್ನು ಉಸಿರಾಡಿದವರ ಶ್ವಾಸಕೋಶದ ಆಳಕ್ಕೆ ರೋಗಾಣು ಇಳಿಯಬೇಕು. ಆಗ ಮಾತ್ರ ಸೋಂಕು.

ಈಗ ಲೆಕ್ಕ ಹಾಕಿ ನೋಡಿ. ನಿಮ್ಮ ತಮ್ಮನಿಂದ ಅಪಾಯ ಇದ್ದದ್ದು ಯಾವಾಗ? ಏನು ಕಾಯಿಲೆ ಎಂದೇ ಗೊತ್ತಿಲ್ಲದೆ ಕೆಮ್ಮುತ್ತಿದ್ದ ಆ ಎರಡು ತಿಂಗಳು. ಆಗ ಅವನು ನಿಮ್ಮೆಲ್ಲರ ಜೊತೆ ಕೂತು ಉಂಡಿದ್ದಾನೆ, ನಿಮ್ಮ ಮಗಳನ್ನು ಎತ್ತಿಕೊಂಡಿದ್ದಾನೆ. ಔಷಧಕ್ಕೆ ಬಗ್ಗುವ ಟಿಬಿಯಾದರೆ, ಸರಿಯಾಗಿ ಮಾತ್ರೆ ತೆಗೆದುಕೊಂಡ ಸುಮಾರು ಎರಡು ವಾರದಲ್ಲಿ ಹರಡುವ ಶಕ್ತಿ ಬಹುಮಟ್ಟಿಗೆ ಅಡಗುತ್ತದೆ. ಅವನದು ಬಗ್ಗುವ ಬಗೆಯೇ ಎಂದು ಅವನ ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ. ಹೌದಾದರೆ, ನೀವು ದೂರ ಇಟ್ಟಿರುವುದು ಅಪಾಯ ಕಳೆದ ಮನುಷ್ಯನನ್ನು.

ಈ ಮಾತು ನನಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ. ಹೌಸ್ ಸರ್ಜನ್ ಆಗಿದ್ದಾಗ ನನಗೇ ಟಿಬಿ ಆಗಿತ್ತು. ರಾತ್ರಿ ಪಾಳಿಯ ಆಯಾಸ ಅಂದುಕೊಂಡು ಒಂದೂವರೆ ತಿಂಗಳು ಕೆಮ್ಮಿದೆ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾವು ಮೂವರು, ಚಳಿ ಅಂತ ಕಿಟಕಿ ಹಾಕಿ ಮಲಗುತ್ತಿದ್ದೆವು. ಆಗ ಯಾರಿಗೂ ಭಯವಿರಲಿಲ್ಲ. ರೋಗಕ್ಕೆ ಹೆಸರು ಬಂತು, ಮಾತ್ರೆ ಶುರುವಾಯಿತು, ತಿಂಗಳಾದ ಮೇಲೆ ಕಫದಲ್ಲಿ ರೋಗಾಣು ಇಲ್ಲ ಎಂಬ ವರದಿಯೂ ಬಂತು. ಒಂದು ದಿನ ಲೋಟ ತೊಳೆದು ಬೋರಲು ಹಾಕುವಾಗ ಅದರ ತಳದಲ್ಲಿ ಕೆಂಪು ನೇಲ್ ಪಾಲಿಶಿನ ಒಂದು ಚುಕ್ಕೆ ಕಂಡಿತು. ಉಳಿದೆರಡು ಲೋಟಗಳಿಗೆ ಇರಲಿಲ್ಲ. ಗೆಳತಿಯರಿಬ್ಬರೂ ವೈದ್ಯರೇ, ನನ್ನ ಮೇಲೆ ಪ್ರೀತಿ ಇದ್ದವರೇ. ಆ ವಾರ ನಾನು ಮೂರು ದಿನ ಮಾತ್ರೆ ನುಂಗಲಿಲ್ಲ. ನಿಮ್ಮ ತಮ್ಮ ಹೇಳುತ್ತಿರುವುದು ನನಗೆ ಪೂರ್ತಿ ಅರ್ಥವಾಗುತ್ತದೆ.

ಆದರೆ ಅವನು ಬಿಡಬಾರದು. ಮೊದಲ ವಾರಗಳಲ್ಲಿ ಚುರುಕಾಗಿ ಬೆಳೆಯುವ ರೋಗಾಣುಗಳು ಸಾಯುತ್ತವೆ. ಅದಕ್ಕೇ ಕೆಮ್ಮು ನಿಂತಿದೆ, ಮೈ ಹಗುರಾಗಿದೆ. ಮಂಕಾಗಿ ಕೂತ ಕೆಲವನ್ನು ಕೊಲ್ಲಲು ಉಳಿದ ತಿಂಗಳುಗಳು ಬೇಕು. ಸಾಮಾನ್ಯ ಚಿಕಿತ್ಸೆ ಆರು ತಿಂಗಳು. ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ಟಿಬಿಯಾಗಿಯೂ ತಿರುಗಬಹುದು. ಆಮೇಲಿನ ಚಿಕಿತ್ಸೆ ಇದಕ್ಕಿಂತ ಬಹಳ ಕಷ್ಟ. ಇನ್ನೊಂದು: ರಿಫಾಂಪಿಸಿನ್ ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಬಿಟ್ಟವರಿದ್ದಾರೆ. ಅವನಿಗೆ ಹೇಳಿಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಅಮ್ಮನಿಗೆ ಒಂದು ಹಳೆಯ ಸಂಗತಿ ಹೇಳಿ. ಟಿಬಿ ಆದವರನ್ನು ಮನೆಯಿಂದ ಬಿಡಿಸಿ ಸ್ಯಾನಟೋರಿಯಂ ಎಂಬ ಟಿಬಿ ಆಸ್ಪತ್ರೆಗೆ ಕಳಿಸುತ್ತಿದ್ದ ಕಾಲವೊಂದಿತ್ತು. 1956ರಲ್ಲಿ ಮದರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಕೆಲವು ರೋಗಿಗಳಿಗೆ ಸ್ಯಾನಟೋರಿಯಂನಲ್ಲಿ, ಕೆಲವರಿಗೆ ಇಕ್ಕಟ್ಟಾದ ಅವರವರ ಮನೆಗಳಲ್ಲೇ ಒಂದು ವರ್ಷ ಅದೇ ಔಷಧ ಕೊಟ್ಟರು. ಸ್ಯಾನಟೋರಿಯಂನವರಿಗೆ ಊಟ, ವಿಶ್ರಾಂತಿ ಎರಡೂ ಹೆಚ್ಚು ಸಿಕ್ಕಿತ್ತು. ಆದರೂ ಗುಣವಾಗುವುದರಲ್ಲಿ ಮನೆಯವರು ಹೆಚ್ಚುಕಡಿಮೆ ಸಮನಾಗಿಯೇ ಇದ್ದರು. ರೋಗಿ ಮನೆಯಲ್ಲಿದ್ದುಕೊಂಡೇ ಔಷಧ ತೆಗೆದುಕೊಂಡದ್ದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವೇನೂ ಆಗಲಿಲ್ಲ. 1959ರಲ್ಲಿ ಅದರ ಫಲಿತಾಂಶ ಪ್ರಕಟವಾದ ಮೇಲೆ ಜಗತ್ತಿನ ಚಿಕಿತ್ಸಾ ಕ್ರಮವೇ ಬದಲಾಯಿತು.

ಮಾಡಲೇಬೇಕಾದ ಕೆಲಸ ಒಂದಿದೆ, ಅದನ್ನು ನೀವು ಮಾಡಿದಂತೆ ಕಾಣುವುದಿಲ್ಲ. ಆ ಎರಡು ತಿಂಗಳು ಅವನ ಜೊತೆ ಒಂದೇ ಗಾಳಿ ಉಸಿರಾಡಿದ ನೀವೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು. ಮೊದಲು ಮಗಳು. ಐದು ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ರೋಗವಾಗುತ್ತದೆ, ಮೆದುಳಿನ ಪೊರೆಗೂ ಹೋಗಬಹುದು. ರೋಗ ಇಲ್ಲವೆಂದು ಖಚಿತವಾದ ಮೇಲೆ, ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಈ ವಾರವೇ ಹೋಗಿ, ಮುಂದೂಡಬೇಡಿ. ಹೊರಗಿನವರ ಪೈಕಿ ಅವನ ಜೊತೆ ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಕೆಲಸ ಮಾಡಿದವರಿಗೂ ತಿಳಿಯಬೇಕು. ಉಳಿದವರಿಗೆ ಹೇಳುವುದು ಬಿಡುವುದು ಅವನಿಷ್ಟ.

ಇವತ್ತು ರಾತ್ರಿ ಊಟಕ್ಕೆ ಅವನನ್ನು ನೀವೇ ಹೋಗಿ ಕರೆಯಿರಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನಮ್ಮ ತರಗತಿಯ ಹುಡುಗಿಗೆ ದಡಾರ ಬಂದು ವಾಸಿಯಾಗಿದೆ. ಗುಳ್ಳೆ ಎದ್ದು ಹದಿನೈದು ದಿನದ ಮೇಲಾಯಿತು. ಆದರೂ ಪಕ್ಕದಲ್ಲಿ ಕೂರಿಸಬೇಡಿ ಎಂದು ಬೇರೆ ಮಕ್ಕಳ ತಂದೆತಾಯಿ ಒತ್ತಾಯಿಸುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಇಲ್ಲೂ ಅದೇ ತಪ್ಪು ನಡೆಯುತ್ತಿದೆ ಮೇಡಂ. ದಡಾರ ಹರಡುವುದು ಗುಳ್ಳೆ ಏಳುವ ನಾಲ್ಕು ದಿನ ಮೊದಲಿನಿಂದ, ಎದ್ದ ನಾಲ್ಕು ದಿನದವರೆಗೆ. ಬರೀ ನೆಗಡಿ, ಜ್ವರ, ಕೆಂಪು ಕಣ್ಣು ಎಂದುಕೊಂಡು ಅವಳು ನಿಮ್ಮ ತರಗತಿಯಲ್ಲಿ ಕೂತಿದ್ದಾಗಲೇ ಹರಡುವುದು ಹರಡಿರುತ್ತದೆ. ಈಗ ಅವಳಿಂದ ಯಾರಿಗೂ ಏನೂ ಆಗದು.

ತಂದೆತಾಯಿಯರಿಗೆ ನೀವು ಕೇಳಬೇಕಾದದ್ದು ಒಂದೇ: ನಿಮ್ಮ ಮಗುವಿಗೆ ದಡಾರ ಲಸಿಕೆಯ ಎರಡೂ ಡೋಸ್ ಆಗಿದೆಯೇ? ರಕ್ಷಣೆ ಇಲ್ಲದ ಹತ್ತು ಜನ ರೋಗಿಯ ಹತ್ತಿರ ಇದ್ದರೆ ಒಂಬತ್ತು ಮಂದಿಗೆ ತಗಲುವ ರೋಗ ಇದು. ನೂರಕ್ಕೆ 95 ಮಂದಿಗೆ ಲಸಿಕೆ ಆಗಿದ್ದರೆ ಮಾತ್ರ ಅದರ ದಾರಿ ಕಟ್ಟುತ್ತದೆ.

ಆ ಹುಡುಗಿಯ ಬಗ್ಗೆ ಇನ್ನೊಂದು ಮಾತು. ಹಿಂದೆ ಎದುರಿಸಿದ ರೋಗಾಣುಗಳ ನೆನಪನ್ನು ದಡಾರ ನಮ್ಮ ರೋಗನಿರೋಧಕ ವ್ಯವಸ್ಥೆಯಿಂದ ಅಳಿಸುತ್ತದೆ. ಲಸಿಕೆ ಹಾಕಿಸದ 77 ಮಕ್ಕಳ ರಕ್ತ ಪರೀಕ್ಷಿಸಿದ, 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ದಡಾರದ ನಂತರ ಬೇರೆ ರೋಗಗಳ ವಿರುದ್ಧದ ಪ್ರತಿಕಾಯಗಳು (ರೋಗಾಣುವನ್ನು ಗುರುತಿಸಿ ಎದುರಿಸುವ, ರಕ್ತದಲ್ಲಿರುವ ವಸ್ತುಗಳು) ಶೇಕಡಾ 11ರಿಂದ 73ರಷ್ಟು ಕಳೆದುಹೋಗಿದ್ದವು. ಅಂದರೆ ಇನ್ನು ಕೆಲವು ತಿಂಗಳು ಬೇರೆ ಮಕ್ಕಳ ಕೆಮ್ಮು ನೆಗಡಿಯಿಂದ ಅವಳನ್ನೇ ಕಾಪಾಡಬೇಕು. ಕಿಟಕಿಯ ಪಕ್ಕದ ಬೆಂಚು ಕೊಡಿ, ಜೊತೆಗೆ ಅವಳ ಗೆಳತಿಯನ್ನೂ ಕೂರಿಸಿ.

ಪ್ರಶ್ನೆ: ನಮ್ಮ ತಾತ ನಲವತ್ತು ವರ್ಷದ ಹಿಂದೆ ಕ್ಷಯದಿಂದ ತೀರಿಕೊಂಡರು. ಅವರ ಪುಸ್ತಕಗಳ ಪೆಟ್ಟಿಗೆ ಅಟ್ಟದ ಮೇಲೆ ಹಾಗೇ ಇದೆ. ಅದು ವಂಶದ ರೋಗ, ಪೆಟ್ಟಿಗೆ ಮುಟ್ಟಬೇಡ ಎನ್ನುತ್ತಾರೆ ಅಪ್ಪ.

ಉತ್ತರ: ಒಂದೇ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಸಾಯುವುದನ್ನು ಕಂಡು, ಇದು ರಕ್ತದಲ್ಲೇ ಬರುವ ರೋಗ ಎಂದು ಹಿಂದೆ ಬಹಳ ಜನ ನಂಬಿದ್ದರು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅದರ ರೋಗಾಣುವನ್ನೇ ತೋರಿಸಿದರು. ಒಂದೇ ಮನೆಯವರು ಹಂಚಿಕೊಂಡದ್ದು ಗಾಳಿಯನ್ನು. ತಾತನ ಪುಸ್ತಕಗಳಲ್ಲಿ ಈಗ ಇರುವುದು ಧೂಳು ಮಾತ್ರ. ಪೆಟ್ಟಿಗೆ ಇಳಿಸಿ, ಬಿಸಿಲಿಗೆ ಹಾಕಿ, ಕೊಡವಿ ಓದಿ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಕಳೆದುಕೊಂಡದ್ದು ತಮ್ಮ ತಂದೆಯನ್ನು.