ಸೌದೆ ಗಾಡಿ ಕೊಳ್ಳುವ ಮೊದಲು ಮೆಟ್ಟಿಲು ಅಳೆಯಿರಿ

ಕೊಟ್ಟಿಗೆಯಿಂದ ಅಡುಗೆಮನೆಗೆ ಸೌದೆ ತರಲು ಯಾವ ಗಾಡಿ ಒಳ್ಳೆಯದು, ನಡುವೆ ಮೂರು ಮೆಟ್ಟಿಲಿವೆ, ಅಮ್ಮನಿಗೆ ಹೊರೆ ಹೊರಲು ಆಗುತ್ತಿಲ್ಲ ಅಂತ ಕೇಳಿದ್ದೀರಿ. ನಮ್ಮಲ್ಲೂ ಹೀಗೇ ಇತ್ತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಗ್ಯಾಸ್ ಇದ್ದರೂ ಬಚ್ಚಲಿನ ಹಂಡೆಗೆ ಸೌದೆಯೇ. ಕೊತ್ತಳಿಗೆ (ತೆಂಗಿನ ಗರಿಯ ದಪ್ಪ ಬುಡ), ಗೆರಟೆ (ತೆಂಗಿನ ಚಿಪ್ಪು) ಹಗುರ, ಬುಟ್ಟಿಯಲ್ಲೇ ತರಬಹುದು. ಬೆನ್ನು ಮುರಿಯುವುದು ರಬ್ಬರ್, ಗೇರು ಮರದ ಸೌದೆ.

ಮೊದಲು ತಂದದ್ದು ಗಾರೆ ಕೆಲಸದವರ ಒಂಟಿ ಚಕ್ರದ ಕೈಗಾಡಿ. ತೋಟದ ಕಿರಿದಾದ ದಾರಿಗೆ ಅದೇ ಸರಿ. ಆದರೆ ಭಾರದ ಒಂದು ಪಾಲು ಯಾವಾಗಲೂ ಕೈ ಮೇಲೆಯೇ ಇರುತ್ತದೆ, ಬದಿಗೆ ವಾಲದಂತೆಯೂ ಹಿಡಿಯಬೇಕು. ಆಟಿ ತಿಂಗಳ (ಜೋರು ಮಳೆಯ ಆಷಾಢದ ಹೊತ್ತಿನ) ಒಂದು ಸಂಜೆ ಪಾಚಿ ಹಿಡಿದ ಅಂಗಳದಲ್ಲಿ ಚಕ್ರ ಜಾರಿ ಗಾಡಿ ಮಗುಚಿತು. ಅಮ್ಮನ ಬಲಗೈ ಮಣಿಕಟ್ಟು ಉಳುಕಿತು. ನಾನು ಓಡಿ ಬರುವಾಗ ಅವರು ಮಳೆಯಲ್ಲೇ ಕೂತು ಎಡಗೈಯಲ್ಲಿ ಸೌದೆ ಹೆಕ್ಕುತ್ತಿದ್ದರು, ಒದ್ದೆಯಾಗುತ್ತದಲ್ವಾ ಅಂತ.

ಹಾಗಾಗಿ ಎರಡು ಚಕ್ರದ್ದೇ ತಗೊಳ್ಳಿ. ಅಂಗಡಿಗಳಲ್ಲಿ ಮೂಟೆ ಸಾಗಿಸುವ ಟ್ರಾಲಿ ಇದೆಯಲ್ಲ, ಆ ಥರ ನೆಟ್ಟಗೆ ನಿಲ್ಲುವಂಥದ್ದು. ಹಿಂದಕ್ಕೆ ವಾಲಿಸಿದರೆ ಹೆಚ್ಚಿನ ಭಾರ ಅಚ್ಚಿನ (ಎರಡು ಚಕ್ರ ಸೇರಿಸುವ ದಂಡದ) ಮೇಲೆ ಕೂರುತ್ತದೆ. ಮೆಟ್ಟಿಲಿಗೆ ಬೆನ್ನು ಮಾಡಿ ಒಂದೊಂದೇ ಮೆಟ್ಟಿಲು ಎಳೆದುಕೊಳ್ಳಬಹುದು. ನಾಲ್ಕು ಚಕ್ರದ್ದು ಮೆಟ್ಟಿಲಿರುವ ಮನೆಗೆ ಆಗದು.

ಎಷ್ಟು ಕಿಲೋ ಹೊರುತ್ತದೆ ಅನ್ನುವುದಕ್ಕಿಂತ ಚಕ್ರದ ಅಳತೆ ನೋಡಿ. ಅಚ್ಚು ಮೆಟ್ಟಿಲಿನ ಎತ್ತರಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಚಕ್ರ ಮೆಟ್ಟಿಲಿಗೆ ಗುದ್ದಿ ನಿಲ್ಲುತ್ತದೆ, ಗಾಡಿಯನ್ನು ಎತ್ತಿಯೇ ಇಡಬೇಕು. 6 ಇಂಚಿನ ಮೆಟ್ಟಿಲಿಗೆ 12 ಇಂಚಿನ ಚಕ್ರ ಸಾಲದು, ಅದರ ಅಚ್ಚು 6 ಇಂಚಿಗೇ ಬರುತ್ತದೆ. 16 ಇಂಚಾದರೂ ಇರಲಿ. ನಾವು ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಸ್ಕೂಟರಿನ ಚಕ್ರ ಹಾಕಿಸಿಕೊಂಡೆವು. ರಿಮ್ 10 ಇಂಚು, ಟೈರ್ ಸೇರಿ ಸುಮಾರು 17. ಗಾಳಿ ಟೈರ್ ಆದ್ದರಿಂದ ಮುರಕಲ್ಲಿನ ಅಂಗಳದಲ್ಲೂ ಕುಲುಕಾಟ ಕಡಿಮೆ. ಸೈಕಲ್ ಚಕ್ರ ಬೇಡ, ಗಾಡಿ ಬದಿಗೆ ವಾಲಿದಾಗ ಕಡ್ಡಿಗಳು ಬಾಗುತ್ತವೆ.

ಬಾಗಿಲನ್ನೂ ಅಳೆಯಿರಿ. ಗಾಡಿಯ ಅಗಲ ಅಂದರೆ ಅಚ್ಚಿನ ಈ ತುದಿಯಿಂದ ಆ ತುದಿಗೆ. ಎರಡೂ ಬದಿಗೆ ಎರಡೆರಡು ಇಂಚು ಬಿಡಿ, ಇಲ್ಲದಿದ್ದರೆ ದಾರಂದಕ್ಕೆ ಬೆರಳು ಉಜ್ಜುತ್ತದೆ.

ತಳಕ್ಕೆ ತಗಡು ಬೇಡ, ಸರಳು ಹಾಕಿಸಿ. ನೀರು ನಿಲ್ಲುವುದಿಲ್ಲ. ಜಗಲಿ ಹತ್ತುವ ಮೊದಲು ಗಾಡಿಯನ್ನು ಎರಡು ಸಲ ಕುಕ್ಕಿದರೆ ತೊಗಟೆ, ಮಣ್ಣು ಅಲ್ಲೇ ಉದುರುತ್ತದೆ. ಮಳೆಗಾಲದಲ್ಲಿ ಸೌದೆ ರಾಶಿಯೊಳಗೆ ಚೇಳು, ಜರಿ ಸೇರಿಕೊಂಡಿರುತ್ತವೆ. ಕುಕ್ಕಿದರೂ ಬರಿಗೈ ಹಾಕುವ ಮೊದಲು ಅಮ್ಮ ನೋಡಿಕೊಳ್ಳಲಿ.

ಹಿಡಿಕೆಯ ಎತ್ತರ ಮಾತ್ರ ಅಮ್ಮನನ್ನೇ ಕರೆದುಕೊಂಡು ಹೋಗಿ ಹಿಡಿಸಿ ನೋಡಿ. ನಾನು ನನ್ನ ಎತ್ತರಕ್ಕೆ ಮಾಡಿಸಿ ತಂದಿದ್ದೆ, ಅಮ್ಮನಿಗೆ ಎದೆಮಟ್ಟಕ್ಕೆ ಬಂತು. ಮರುದಿನ ನಾಲ್ಕು ಇಂಚು ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಿದೆ.