ಮಾಸ್‌ಫೆಟ್ ಬಿಸಿಯಾಗುವುದು ಮತ್ತು ಬೋರ್ಡ್ ರೀಸೆಟ್ ಆಗುವುದು: ಅಳತೆಯಿಂದ ಆರಂಭಿಸಿ

ನಮಸ್ಕಾರ. ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿನ ಪಿನ್ನನ್ನು ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್‌ನ (ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಗೇಟ್‌ಗೆ, ಅಂದರೆ ಅದನ್ನು ನಿಯಂತ್ರಿಸುವ ಕಾಲಿಗೆ, ನೇರವಾಗಿ ಜೋಡಿಸಿ, 12 ವೋಲ್ಟ್ ಡಿಸಿ ಮೋಟಾರನ್ನು 20 ಕಿಲೋಹರ್ಟ್ಸ್ ಪಿಡಬ್ಲ್ಯೂಎಂನಲ್ಲಿ (ವೇಗ ನಿಯಂತ್ರಿಸಲು ಬೇಗ ಬೇಗ ಆನ್-ಆಫ್ ಮಾಡುವ ವಿಧಾನ) ಬ್ರೆಡ್‌ಬೋರ್ಡಿನ ಮೇಲೆ ಓಡಿಸುತ್ತಿರುವುದಾಗಿ ಬರೆದಿದ್ದೀರಿ. ಮೋಟಾರ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ಮಾಸ್‌ಫೆಟ್ ಮುಟ್ಟಲಾರದಷ್ಟು ಬಿಸಿಯಾಗುತ್ತದೆ, ಮೋಟಾರ್ ಹೊರಡುವಾಗ ಬೋರ್ಡ್ ರೀಸೆಟ್ ಆಗುತ್ತದೆ, ಕೋಡನ್ನು ಎಷ್ಟು ತಿದ್ದಿದರೂ ಪ್ರಯೋಜನವಾಗಿಲ್ಲ ಎಂಬುದು ನಿಮ್ಮ ದೂರು. ನೀವು ಕೊಟ್ಟ ವಿವರಗಳನ್ನು ನೋಡಿದರೆ ಕೋಡನ್ನು ಇನ್ನು ಮುಟ್ಟುವ ಅಗತ್ಯವಿಲ್ಲ. ಬಿಸಿಯಾಗುವುದಕ್ಕೂ ರೀಸೆಟ್ ಆಗುವುದಕ್ಕೂ ಕಾರಣಗಳು ಬೇರೆ ಬೇರೆ. ಎರಡನ್ನೂ ಒಟ್ಟಿಗೆ ಹುಡುಕಲು ಹೊರಟರೆ ಒಂದೂ ಸಿಗುವುದಿಲ್ಲ.

ಮೊದಲು ಬಿಸಿಯ ವಿಷಯ. ಪಿಡಬ್ಲ್ಯೂಎಂ ನಿಲ್ಲಿಸಿ, ಪಿನ್ನನ್ನು ಸ್ಥಿರವಾಗಿ ಹೈ ಮಾಡಿ, ಮೋಟಾರ್ ಓಡುತ್ತಿರುವಾಗಲೇ ಮಾಸ್‌ಫೆಟ್‌ನ ಡ್ರೇನ್ ಮತ್ತು ಸೋರ್ಸ್ ಕಾಲುಗಳ (ಮೋಟಾರಿನ ಕರೆಂಟ್ ಒಳಬರುವ ಮತ್ತು ಹೊರಹೋಗುವ ಕಾಲುಗಳು) ನಡುವಿನ ವೋಲ್ಟೇಜನ್ನು ಅಳೆಯಿರಿ. ಪಿಡಬ್ಲ್ಯೂಎಂ ಇರುವಾಗ ಮಲ್ಟಿಮೀಟರ್ ಸರಾಸರಿಯನ್ನಷ್ಟೇ ತೋರಿಸುವುದರಿಂದ ಆ ಅಳತೆಯಿಂದ ಏನೂ ತಿಳಿಯುವುದಿಲ್ಲ. ಡೇಟಾಶೀಟ್ (ತಯಾರಕರ ವಿವರಪತ್ರ) ಪ್ರಕಾರ ಈ ಮಾಸ್‌ಫೆಟ್ ಪೂರ್ತಿ ಆನ್ ಆದಾಗ ಅದರ ರೋಧ ಹೆಚ್ಚೆಂದರೆ 17.5 ಮಿಲಿಓಮ್, ಅಂದರೆ 3 ಆಂಪಿಯರ್ ಹರಿಯುವಾಗ 0.05 ವೋಲ್ಟ್‌ನ ಆಸುಪಾಸು ಕಾಣಬೇಕು, ಸುಡುವ ಶಕ್ತಿ 0.16 ವ್ಯಾಟ್ ಮಾತ್ರ. ಅದರ ಬದಲು ಮೀಟರ್ 1.5 ವೋಲ್ಟ್ ತೋರಿಸಿತು ಎಂದುಕೊಳ್ಳೋಣ. ಆಗ 4.5 ವ್ಯಾಟ್ ಶಾಖ ಆ ಸಣ್ಣ ತುಂಡಿನೊಳಗೇ ಹುಟ್ಟುತ್ತದೆ. ಹೀಟ್‌ಸಿಂಕ್ ಇಲ್ಲದ ಈ ಪ್ಯಾಕೇಜಿನಲ್ಲಿ ಪ್ರತಿ ವ್ಯಾಟ್‌ಗೆ ಸುಮಾರು 62 ಡಿಗ್ರಿ ಸೆಲ್ಸಿಯಸ್ ಏರುವುದರಿಂದ, ಅದು ತಡೆದುಕೊಳ್ಳುವ ಸ್ಥಿತಿಯೇ ಅಲ್ಲ.

ಹೀಗಾಗುವುದಕ್ಕೆ ಕಾರಣ ಗೇಟ್‌ನ ವೋಲ್ಟೇಜ್. ಡೇಟಾಶೀಟಿನಲ್ಲಿ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದು ಇರುವುದನ್ನು ನೋಡಿ, ಇಎಸ್‌ಪಿ32ರ ಪಿನ್ ಕೊಡುವ 3.3 ವೋಲ್ಟ್ ಸಾಕು ಎಂದು ಬಹಳ ಮಂದಿ ಭಾವಿಸುತ್ತಾರೆ. ಆದರೆ ಅದೇ ಸಾಲಿನ ಪಕ್ಕದಲ್ಲಿ 250 ಮೈಕ್ರೋಆಂಪಿಯರ್ ಎಂದು ಬರೆದಿರುತ್ತದೆ: ಥ್ರೆಶೋಲ್ಡ್ ಎಂದರೆ ಮಾಸ್‌ಫೆಟ್ ಅಷ್ಟು ಅಲ್ಪ ಕರೆಂಟನ್ನು ಬಿಡಲು ತೊಡಗುವ ಹಂತ, ಪೂರ್ತಿ ಆನ್ ಆಗುವ ಹಂತವಲ್ಲ. 17.5 ಮಿಲಿಓಮ್ ಎಂಬ ಭರವಸೆ ಇರುವುದು ಗೇಟ್‌ಗೆ 10 ವೋಲ್ಟ್ ಸಿಕ್ಕಾಗ ಮಾತ್ರ. ಲಾಜಿಕ್ ಲೆವೆಲ್ (ಕಡಿಮೆ ಗೇಟ್ ವೋಲ್ಟೇಜಿಗೇ ಆನ್ ಆಗುವ ಬಗೆ) ಎನ್ನುವ ಐಆರ್‌ಎಲ್‌ಝಡ್44ಎನ್ ಹಾಕಿದರೂ ಅದರ ಭರವಸೆ 4 ವೋಲ್ಟ್‌ಗೇ ನಿಲ್ಲುತ್ತದೆ. 5 ವೋಲ್ಟ್ ಬೋರ್ಡಿಗೆ ಅದು ಒಳ್ಳೆಯ ಆಯ್ಕೆ, ನಿಮ್ಮ ಬೋರ್ಡಿಗೆ ಅಲ್ಲ.

ಮಾಸ್‌ಫೆಟ್ ಬದಲಿಸುವುದಕ್ಕಿಂತ ನಡುವೆ ಗೇಟ್ ಡ್ರೈವರ್ (ಪಿನ್ನಿನ ಸಿಗ್ನಲನ್ನು ಗೇಟ್‌ಗೆ ಬೇಕಾದಷ್ಟು ಬಲಪಡಿಸುವ ಐಸಿ) ಒಂದನ್ನು ಹಾಕುವುದೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಟಿಸಿ4427 ಐಸಿಗೆ 12 ವೋಲ್ಟ್ ಸಪ್ಲೈ ಕೊಡಬಹುದು, ಅದರ ಇನ್‌ಪುಟ್ 3.3 ವೋಲ್ಟ್ ಸಿಗ್ನಲನ್ನು ಹೈ ಎಂದೇ ಗುರುತಿಸುತ್ತದೆ. ಟಿಸಿ4426 ಸಿಗ್ನಲನ್ನು ತಲೆಕೆಳಗು ಮಾಡುತ್ತದೆ, ಆದ್ದರಿಂದ ಕೊಳ್ಳುವಾಗ ಕೊನೆಯ ಅಂಕಿಯನ್ನು ನೋಡಿ ತೆಗೆದುಕೊಳ್ಳಿ. ಐಸಿಯ ಸಪ್ಲೈ ಕಾಲುಗಳಿಗೆ ಅಂಟಿಕೊಂಡಂತೆ 1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲಿ, ಬಳಸದ ಎರಡನೆಯ ಇನ್‌ಪುಟ್ಟನ್ನು ಗ್ರೌಂಡ್‌ಗೆ ಕಟ್ಟಿ.

ಡ್ರೈವರ್‌ನಿಂದ ಇನ್ನೊಂದು ಲಾಭವೂ ಇದೆ. ಗೇಟ್ ಒಂದು ಕೆಪಾಸಿಟರ್‌ನಂತೆ ವರ್ತಿಸುವುದರಿಂದ ಪ್ರತಿ ಸಲವೂ ಅದನ್ನು ತುಂಬಿಸಿ ಖಾಲಿ ಮಾಡಬೇಕು. 10 ವೋಲ್ಟ್‌ವರೆಗೆ ತುಂಬಲು ಹೆಚ್ಚೆಂದರೆ 63 ನ್ಯಾನೋಕೂಲಂಬ್ ಬೇಕು. ಪಿನ್ನಿನ 20 ಮಿಲಿಆಂಪಿಯರ್‌ನಂತಹ ಸಣ್ಣ ಕರೆಂಟಿನಿಂದ ಅದನ್ನು ತುಂಬಿಸಲು ಸುಮಾರು 3 ಮೈಕ್ರೋಸೆಕೆಂಡ್ ಹಿಡಿಯುತ್ತದೆ. 20 ಕಿಲೋಹರ್ಟ್ಸ್‌ನಲ್ಲಿ ಒಂದು ಆವರ್ತವೇ 50 ಮೈಕ್ರೋಸೆಕೆಂಡ್ ಆಗಿರುವಾಗ, ಅರ್ಧ ಆನ್ ಅರ್ಧ ಆಫ್ ಸ್ಥಿತಿಯಲ್ಲಿ ಕಳೆಯುವ ಈ ಸಮಯ ಸಣ್ಣದೇನಲ್ಲ. ಡ್ರೈವರ್ ಬರುವವರೆಗೆ 1 ಕಿಲೋಹರ್ಟ್ಸ್‌ಗೆ ಇಳಿಸಿದರೆ ಸ್ವಿಚಿಂಗ್ ನಷ್ಟ ತಗ್ಗುತ್ತದೆ, ಮೋಟಾರ್ ಸ್ವಲ್ಪ ಗುಂಯ್‌ಗುಡುತ್ತದೆ ಅಷ್ಟೇ.

ಮಾಸ್‌ಫೆಟ್ ಆಫ್ ಆದಾಗ ಮೋಟಾರಿನ ಕರೆಂಟಿಗೆ ದಾರಿ ಕೊಡಲು ನೀವು ಮೋಟಾರಿಗೆ ಅಡ್ಡವಾಗಿ ಹಾಕಿರುವ 1ಎನ್4007 ಡಯೋಡನ್ನೂ ತೆಗೆಯಿರಿ. ಅದು 1 ಆಂಪಿಯರ್‌ನದು, 50-60 ಹರ್ಟ್ಸ್ ರೆಕ್ಟಿಫೈಯರ್‌ಗಾಗಿ ಮಾಡಿದ್ದು. ಅದು ನಿಧಾನವಾಗಿ ಆಫ್ ಆಗುವುದರಿಂದ ಮಾಸ್‌ಫೆಟ್ ಮತ್ತೆ ಆನ್ ಆದ ಕ್ಷಣದಲ್ಲಿ ಸಪ್ಲೈ ಅದರ ಮೂಲಕವೇ ಶಾರ್ಟ್ ಆದಂತಾಗಿ, ಆ ಪೆಟ್ಟೂ ಮಾಸ್‌ಫೆಟ್‌ಗೇ ಬೀಳುತ್ತದೆ. 5 ಆಂಪಿಯರ್‌ನ ಎಸ್‌ಬಿ560ರಂತಹ, ಬೇಗ ಆಫ್ ಆಗುವ ಶಾಟ್ಕಿ ಡಯೋಡ್ ಇಲ್ಲಿಗೆ ಹೊಂದುತ್ತದೆ.

ಇನ್ನು ರೀಸೆಟ್. ಬೋರ್ಡ್ ಕಳಿಸುವ ಸಂದೇಶಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ತೆರೆದಿಟ್ಟು ಮೋಟಾರ್ ಹೊರಡಿಸಿ. ಬ್ರೌನ್‌ಔಟ್ (ಬೋರ್ಡಿನ ವೋಲ್ಟೇಜ್ ಬೇಕಾದ್ದಕ್ಕಿಂತ ಇಳಿದಿದೆ) ಎಂಬ ಸಂದೇಶ ಬಂದರೆ ಸಪ್ಲೈ ಕುಸಿಯುತ್ತಿದೆ ಎಂದು ಖಚಿತವಾಗುತ್ತದೆ. ಕೋಡಿನಲ್ಲಿ ಆ ಪತ್ತೆಯನ್ನೇ ಬಂದ್ ಮಾಡಿಬಿಡಿ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ, ಅದರಿಂದ ಕುಸಿತ ನಿಲ್ಲುವುದಿಲ್ಲ, ಬೋರ್ಡ್ ತಪ್ಪು ತಪ್ಪಾಗಿ ನಡೆಯುವುದು ಮಾತ್ರ ನಿಮಗೆ ಕಾಣದಂತಾಗುತ್ತದೆ. ಹೊರಡುವ ಕ್ಷಣದಲ್ಲಿ ಮೋಟಾರ್ ತನ್ನ ಓಟದ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಆ ಕರೆಂಟ್ ಈಗ ಬ್ರೆಡ್‌ಬೋರ್ಡಿನ ಗ್ರೌಂಡ್ ಪಟ್ಟಿಯ ಮೂಲಕ, ಇಎಸ್‌ಪಿ32ರ ಗ್ರೌಂಡ್ ವೈರನ್ನು ದಾಟಿಕೊಂಡು ಸಪ್ಲೈಗೆ ಮರಳುತ್ತಿದೆ. ಮೀಟರಿನ ಕಪ್ಪು ಕಡ್ಡಿಯನ್ನು ಸಪ್ಲೈಯ ಮೈನಸ್ ಟರ್ಮಿನಲ್ಲಿಗೇ ಹಿಡಿದು, ಕೆಂಪು ಕಡ್ಡಿಯನ್ನು ಮಾಸ್‌ಫೆಟ್‌ನ ಸೋರ್ಸ್ ಕಾಲಿಗೆ ತಾಗಿಸಿ: ಶೂನ್ಯದ ಬದಲು ಅರ್ಧ ವೋಲ್ಟ್ ಕಂಡರೆ, ಆ ಅರ್ಧ ವೋಲ್ಟ್ ಗೇಟ್‌ಗೆ ಸಿಗಬೇಕಾದ 3.3ರಿಂದಲೂ ಕಳೆದುಹೋಗುತ್ತದೆ. ಸೋರ್ಸ್‌ನಿಂದ ಸಪ್ಲೈಗೆ ದಪ್ಪ ವೈರನ್ನು ನೇರವಾಗಿ ಬೆಸುಗೆ ಹಾಕಿ, ಬೋರ್ಡಿನ ಗ್ರೌಂಡನ್ನು ಪ್ರತ್ಯೇಕ ವೈರಿನಲ್ಲಿ ಅದೇ ಬಿಂದುವಿಗೆ ತನ್ನಿ. ಮೋಟಾರ್ ಸಪ್ಲೈಯ ಮೇಲೆ 1000 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಇರಲಿ, ಮೋಟಾರಿನ ಎರಡು ಟರ್ಮಿನಲ್‌ಗಳ ನಡುವೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಇರಲಿ.

ಕೊನೆಯದಾಗಿ, ಇಎಸ್‌ಪಿ32ರ ಆ ಪಿನ್ನಿನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಬೋರ್ಡ್ ಬೂಟ್ ಆಗುವಾಗ ಪಿನ್ ಯಾವ ಕಡೆಗೂ ಸೇರದೆ ತೇಲುತ್ತಿರುತ್ತದೆ. ರೆಸಿಸ್ಟರ್ ಇಲ್ಲದಿದ್ದರೆ ಪ್ರತಿ ರೀಸೆಟ್‌ನಲ್ಲೂ ಮೋಟಾರ್ ತಾನಾಗಿ ಜಗ್ಗಿ, ಆ ಜಗ್ಗಾಟವೇ ಮುಂದಿನ ರೀಸೆಟ್‌ಗೆ ಕಾರಣವಾಗಬಹುದು. ಏನನ್ನಾದರೂ ಬದಲಿಸುವ ಮೊದಲು ಮೇಲಿನ ಎರಡು ಅಳತೆಗಳನ್ನು ಮತ್ತು ಸೀರಿಯಲ್ ಮಾನಿಟರಿನಲ್ಲಿ ಬಂದ ಸಾಲನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ಅವುಗಳ ಮೇಲೆಯೇ ನೋಡೋಣ.